ಕ್ರಿಸ್ಮಸ್ ಮರ ನೆಲ ಕಾಯುವ ನಾಡಿನಲ್ಲಿ

‘ಪ್ಯಾರಿಷ್’ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಇಗರ್ಜಿ, ಅದರ ಗಂಟೆ, ಧರ್ಮಗುರುಗಳು ಮತ್ತು ವಾಳೆಯ ಗುರಿಕಾರರು. ಆದರೆ ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಪ್ಯಾರಿಷ್ ಎಂದರೆ ಸರಕಾರದ ಒಂದು ಆಡಳಿತ ಘಟಕ, ನಮ್ಮ ಜಿಲ್ಲೆಯಂಥದು. ಫ್ರೆಂಚರೂ ಸ್ಪೇನಿನವರೂ ಆಳಿದ ಕಾಲದ ಕಥೋಲಿಕ ಧರ್ಮಕೇಂದ್ರಗಳ ಎಲ್ಲೆಗಳನ್ನು ಅನುಸರಿಸಿ 1807ರಲ್ಲಿ ಅಲ್ಲಿ 19 ಪ್ಯಾರಿಷ್‌ಗಳು ರಚಿತವಾದವು. ಇಂದು ಅವುಗಳ ಸಂಖ್ಯೆ 64. ಸೇಂಟ್ ಬರ್ನಾರ್ಡ್, ಸೇಂಟ್ ಮೇರಿ, ಸೇಂಟ್ ಚಾರ್ಲ್ಸ್, ಅಸಂಪ್ಷನ್ ಎಂಬ ಹೆಸರುಗಳು ಸರಕಾರಿ ಕಚೇರಿಗಳ ಫಲಕಗಳ ಮೇಲೆ ಇಂದಿಗೂ ಇವೆ.

ಈ ಪ್ಯಾರಿಷ್‌ಗಳ ಪೈಕಿ ಕಡಲಂಚಿನವುಗಳಿಗೆ ರಸ್ತೆ, ನೀರು, ಕಸವಿಲೇವಾರಿಗಳ ಜೊತೆಗೆ ಇನ್ನೊಂದು ಹೊಣೆಯೂ ಇದೆ. ಅದು ಕಾಲ ಕೆಳಗಿನ ನೆಲವನ್ನು ಉಳಿಸಿಕೊಳ್ಳುವ ಹೊಣೆ. ಕಡಲ್ಕೊರೆತದ ನೋವನ್ನು ಬಲ್ಲ ನಮ್ಮ ಓದುಗರಿಗೆ ಆ ಕೆಲಸದ ಪರಿಚಯ ಮಾಡಿಕೊಡುವುದು ಉಚಿತವೆಂದು ನಮಗೆ ತೋರಿದೆ.

1932ರಿಂದೀಚೆಗೆ ಲೂಯಿಸಿಯಾನದ ಕರಾವಳಿ ಕಳೆದುಕೊಂಡ ನೆಲ ಸುಮಾರು 4,800 ಚದರ ಕಿಲೋಮೀಟರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು ಭೂಮಿ ಒಂದು ಮನುಷ್ಯಾಯುಷ್ಯದೊಳಗೆ ನೀರಾಯಿತೆಂದು ಊಹಿಸಿಕೊಳ್ಳಬಹುದು. ಇದಕ್ಕೆ ಕಾರಣ ಕಡಲೊಂದೇ ಅಲ್ಲ. ಆ ನೆಲವನ್ನು ಸಾವಿರಾರು ವರ್ಷಗಳಿಂದ ಕಟ್ಟಿದ್ದು ಮಿಸಿಸಿಪ್ಪಿ ನದಿ ಹೊತ್ತು ತಂದ ಮೆಕ್ಕಲುಮಣ್ಣು. 1927ರ ಮಹಾಪ್ರವಾಹದ ಬಳಿಕ ಸಂಯುಕ್ತ ಸರಕಾರವು ನದಿಯ ಇಕ್ಕೆಲಗಳಲ್ಲಿ ಎತ್ತರದ ಒಡ್ಡುಗಳನ್ನು ಕಟ್ಟಿಸಿತು. ಊರುಗಳು ನೆರೆಯಿಂದ ಪಾರಾದವು. ಆದರೆ ಜೌಗುಭೂಮಿಗೆ ಬರಬೇಕಾದ ಮಣ್ಣು ನೇರವಾಗಿ ಆಳ ಸಮುದ್ರಕ್ಕೆ ಹೋಗತೊಡಗಿತು. ಹೊಸ ಮಣ್ಣಿಲ್ಲದೆ ನೆಲ ಕುಸಿಯಿತು. ತೈಲ ಕಂಪೆನಿಗಳು ತೋಡಿದ ಕಾಲುವೆಗಳ ಮೂಲಕ ಉಪ್ಪುನೀರು ಒಳನುಗ್ಗಿ ಸಿಹಿನೀರಿನ ಹುಲ್ಲುಗಳನ್ನು ಕೊಂದಿತು. ಬೇರು ಸತ್ತಲ್ಲಿ ಮಣ್ಣು ನಿಲ್ಲದು. ದಕ್ಷಿಣ ಅಮೆರಿಕದಿಂದ ತಂದ ನ್ಯೂಟ್ರಿಯ ಎಂಬ ದಂಶಕ ಪ್ರಾಣಿ ಉಳಿದ ಬೇರುಗಳನ್ನೂ ತಿನ್ನತೊಡಗಿತು. ಅದನ್ನು ಬೇಟೆಯಾಡಿ ಬಾಲ ತಂದೊಪ್ಪಿಸಿದವರಿಗೆ ಬಾಲವೊಂದಕ್ಕೆ ಇಂತಿಷ್ಟು ಡಾಲರ್ ಕೊಡುವ ಯೋಜನೆ 2002ರಲ್ಲಿ ಆರಂಭವಾಯಿತು.

ಇಂಥ ನಾಡಿನಲ್ಲಿ ಪ್ಯಾರಿಷ್‌ನ ಕರಾವಳಿ ಅಧಿಕಾರಿಯ ದಿನಚರಿ ಹೇಗಿರುತ್ತದೆ? 1978ರ ರಾಜ್ಯ ಕಾನೂನಿನಂತೆ, ಅಂಗೀಕೃತ ಕರಾವಳಿ ಕಾರ್ಯಕ್ರಮವಿರುವ ಪ್ಯಾರಿಷ್ ಸ್ಥಳೀಯ ಮಹತ್ವದ ಕಾಮಗಾರಿಗಳಿಗೆ ತಾನೇ ಪರವಾನಿಗೆ ನೀಡಬಹುದು. ಒಬ್ಬನು ದೋಣಿ ಕಟ್ಟೆ ಕಟ್ಟಬೇಕೆನ್ನುತ್ತಾನೆ. ಇನ್ನೊಬ್ಬನು ಜೌಗುನೆಲವನ್ನು ತುಂಬಿಸಬೇಕೆನ್ನುತ್ತಾನೆ. ಅಧಿಕಾರಿಯು ಅರ್ಜಿಯನ್ನು ಪರಿಶೀಲಿಸಿ, ನೆಲಕ್ಕಾಗುವ ಹಾನಿಯನ್ನು ಅಳೆದು, ಬೇರೆಡೆ ಅದನ್ನು ತುಂಬಿಕೊಡುವ ಷರತ್ತು ವಿಧಿಸಬೇಕು. ಇದಲ್ಲದೆ ಹುಲ್ಲು ನೆಡಿಸುವುದು, ಹೂಳೆತ್ತಿದ ಮಣ್ಣಿನಿಂದ ಜೌಗು ಕಟ್ಟಿಸುವ ಯೋಜನೆ ರೂಪಿಸುವುದು, ಅನುದಾನಕ್ಕೆ ಅರ್ಜಿ ಬರೆಯುವುದು, ಸಾರ್ವಜನಿಕ ಸಭೆಗಳಲ್ಲಿ ಜನರ ಸಿಟ್ಟನ್ನು ಎದುರಿಸುವುದು ಕೂಡ ಅವನ ಪಾಲಿನವೇ. 2010ರ ತೈಲ ಸೋರಿಕೆಯ ದಂಡದ ಹಣದಲ್ಲಿ ಒಂದು ಅಂಶ 2012ರ ಕಾಯಿದೆಯಂತೆ ನೇರವಾಗಿ ಕರಾವಳಿ ಪ್ಯಾರಿಷ್‌ಗಳಿಗೇ ಸಲ್ಲುವುದರಿಂದ, ಅದರ ಲೆಕ್ಕ ಒಪ್ಪಿಸುವ ಭಾರವೂ ಈ ಕಚೇರಿಗಳ ಮೇಲಿದೆ.

ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದದ್ದು ಜೆಫರ್ಸನ್ ಪ್ಯಾರಿಷ್‌ನ ಕಾರ್ಯಕ್ರಮ. ಮೂರು ರಾಯರ ಹಬ್ಬ ಕಳೆದು ಮನೆಮನೆಯ ಕ್ರಿಸ್ಮಸ್ ಮರ ಬೀದಿಗೆ ಬೀಳುವ ಹೊತ್ತಿಗೆ ಪ್ಯಾರಿಷ್‌ನ ಸಿಬ್ಬಂದಿ ಅವುಗಳನ್ನು ಸಂಗ್ರಹಿಸುತ್ತಾರೆ. ಜರಿ, ದೀಪ, ಅಲಂಕಾರಗಳೊಂದೂ ಇರಕೂಡದು. ಬಣ್ಣ ಬಳಿದ ಮರವೂ ಸಲ್ಲದು. ಸ್ವಯಂಸೇವಕರು ಆ ಮರಗಳನ್ನು ದೋಣಿಗಳಲ್ಲಿ ಒಯ್ದು, ಜೌಗಿನಂಚಿನಲ್ಲಿ ಗೂಟಗಳಿಂದ ನಿರ್ಮಿಸಿದ ಮರದ ಚೌಕಟ್ಟುಗಳೊಳಗೆ ತುಂಬುತ್ತಾರೆ. ಅಲೆಯ ಹೊಡೆತ ಅಲ್ಲಿ ಕುಗ್ಗುತ್ತದೆ; ಬೇಲಿಯ ಹಿಂದಿನ ನಿಶ್ಚಲ ನೀರಿನಲ್ಲಿ ಮಣ್ಣು ತಳಕ್ಕಿಳಿಯುತ್ತದೆ; ಮೆಲ್ಲನೆ ಹುಲ್ಲು ಚಿಗುರುತ್ತದೆ. 1990ರ ದಶಕದ ಆರಂಭದಿಂದ ನಡೆದು ಬಂದ ಈ ಕೆಲಸ ಇಡೀ ಕರಾವಳಿಯನ್ನು ಉಳಿಸಲಾರದು. ಆದರೆ ಹಬ್ಬ ಮುಗಿಸಿದ ಕುಟುಂಬವೊಂದು ತನ್ನ ಮರವನ್ನು ನೆಲ ಕಾಯಲು ಕೊಟ್ಟಾಗ, ಕರಾವಳಿ ರಕ್ಷಣೆ ಕಚೇರಿಯ ಕಡತದಿಂದ ಮನೆಯಂಗಳಕ್ಕೆ ಬರುತ್ತದೆ.

ಎಲ್ಲ ಕೆಲಸವೂ ಇಷ್ಟು ಸೌಮ್ಯವಲ್ಲ. ಪ್ಲಾಕಮಿನ್ಸ್ ಪ್ಯಾರಿಷ್‌ನಲ್ಲಿ ನದಿಯ ಒಡ್ಡನ್ನು ಸೀಳಿ, ಮಣ್ಣು ತುಂಬಿದ ನೀರನ್ನು ಬರಾಟೇರಿಯ ಕೊಲ್ಲಿಗೆ ಹರಿಸುವ ಯೋಜನೆಯನ್ನು ರಾಜ್ಯ ಸರಕಾರ ಕೈಗೊಂಡಿತು. ವೆಚ್ಚ ಸುಮಾರು 300 ಕೋಟಿ ಡಾಲರ್. ನದಿಯೇ ಮತ್ತೆ ನೆಲ ಕಟ್ಟಲಿ ಎಂಬುದು ವಿಜ್ಞಾನಿಗಳ ವಾದ. ಆದರೆ ಸಿಹಿನೀರು ನುಗ್ಗಿದರೆ ಸಿಂಪಿ ಸಾಯುತ್ತದೆ, ಸೀಗಡಿ ದೂರ ಸರಿಯುತ್ತದೆ. ತಲೆಮಾರುಗಳಿಂದ ಅವನ್ನೇ ನಂಬಿದ ಮೀನುಗಾರ ಕುಟುಂಬಗಳು ವಿರೋಧಿಸಿದವು; ಪ್ಯಾರಿಷ್ ಆಡಳಿತವೂ ಅವರ ಪರವಾಗಿ ನಿಂತಿತು. 2023ರ ಆಗಸ್ಟಿನಲ್ಲಿ ಶಂಕುಸ್ಥಾಪನೆಯಾದ ಯೋಜನೆಯನ್ನು 2025ರ ಜುಲೈಯಲ್ಲಿ ರಾಜ್ಯವೇ ರದ್ದುಗೊಳಿಸಿತು. ಐವತ್ತು ವರ್ಷಗಳ ಮುಂದಿನ ನೆಲ ದೊಡ್ಡದೋ, ಈ ವರ್ಷದ ಮಕ್ಕಳ ಅನ್ನ ದೊಡ್ಡದೋ? ಎರಡೂ ಕಡೆ ನ್ಯಾಯವಿರುವಾಗ ತೀರ್ಪು ಸುಲಭವಲ್ಲ. ಸೀಗಡಿ ದೋಣಿಗಳನ್ನು ಪ್ರತಿ ವರ್ಷ ಧರ್ಮಗುರುಗಳು ಆಶೀರ್ವದಿಸುವ ನಾಡು ಅದು. ದೋಣಿ ನಿಂತರೆ ಊರೇ ನಿಂತಂತೆ.

ತಡವಾದರೆ ಏನಾಗುತ್ತದೆಂಬುದಕ್ಕೆ ಟೆರಬೋನ್ ಪ್ಯಾರಿಷ್‌ನ ಐಲ್ ದ ಜೀನ್ ಚಾರ್ಲ್ಸ್ ದ್ವೀಪ ಸಾಕ್ಷಿ. ಫ್ರೆಂಚ್ ಮಾತಾಡುವ ಮೂಲನಿವಾಸಿಗಳ ಆ ದ್ವೀಪ 1955ರಿಂದೀಚೆಗೆ ಶೇಕಡಾ 98ರಷ್ಟು ನೆಲ ಕಳೆದುಕೊಂಡಿತು. 2016ರಲ್ಲಿ ಸಂಯುಕ್ತ ಸರಕಾರ 4.83 ಕೋಟಿ ಡಾಲರ್ ಮಂಜೂರು ಮಾಡಿತು. 2022ರಲ್ಲಿ ಕುಟುಂಬಗಳು ಸುಮಾರು 40 ಮೈಲು ಉತ್ತರದ ಹೊಸ ಮನೆಗಳಿಗೆ ತೆರಳಿದವು. ಮನೆಯನ್ನು ಬೇರೆಡೆ ಕಟ್ಟಬಹುದು; ಹಿರಿಯರ ಸಮಾಧಿಗಳನ್ನು ಕೊಂಡೊಯ್ಯುವುದು ಸುಲಭವೇ?

ಅದೇ ಟೆರಬೋನ್‌ನ ಮತದಾರರು 2012ರಲ್ಲಿ ತಮ್ಮ ಮೇಲೆ ತಾವೇ ಅರ್ಧ ಸೆಂಟಿನ ಮಾರಾಟ ತೆರಿಗೆ ವಿಧಿಸಿಕೊಂಡರು. ವಾಷಿಂಗ್‌ಟನ್ನಿನ ಹಣಕ್ಕಾಗಿ ಕಾದು ಬೇಸತ್ತು, ಚಂಡಮಾರುತ ತಡೆಯುವ ಒಡ್ಡನ್ನು ಸ್ವಂತ ದುಡ್ಡಿನಿಂದ ಮುಂದುವರಿಸುವ ನಿರ್ಧಾರ ಅದು. 2021ರ ಆಗಸ್ಟ್ 29ರಂದು, ಕತ್ರೀನಾ ಬಡಿದ ದಿನದಿಂದ ಸರಿಯಾಗಿ 16 ವರ್ಷಗಳ ಬಳಿಕ, ಐಡಾ ಚಂಡಮಾರುತ ಅದೇ ಭಾಗಕ್ಕೆ ಅಪ್ಪಳಿಸಿತು. ಬಿರುಗಾಳಿಗೆ ಸಾವಿರಾರು ಮಾಡುಗಳು ಹಾರಿಹೋದರೂ, ನೆರೆಯ ನಾಶ ಇನ್ನಷ್ಟಾಗದಂತೆ ತಡೆದುದರಲ್ಲಿ ಆ ಒಡ್ಡಿನ ಪಾಲು ಇತ್ತು.

ನಮ್ಮಲ್ಲೂ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಿಂದ ಇದೆ. 2011ರ ಅಧಿಸೂಚನೆಯು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳಿಗೆ ಕನಿಷ್ಠ ಮೂರು ಸ್ಥಾನಗಳಿರಬೇಕೆಂದಿತು. ಆ ಸ್ಥಾನಗಳಲ್ಲಿ ಯಾರು ಕುಳಿತಿದ್ದಾರೆ, ಏನು ಮಾತಾಡುತ್ತಾರೆ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಮಳೆಗಾಲದಲ್ಲಿ ತೆಂಗಿನ ಮರ ಕಡಲಿಗುರುಳಿದಾಗ ಬಂಡೆಗಲ್ಲು ತಂದು ಸುರಿಯಿರೆಂದು ಕೂಗುತ್ತೇವೆ. ಮಳೆ ನಿಂತೊಡನೆ ಮರೆಯುತ್ತೇವೆ. ಲೂಯಿಸಿಯಾನದ ಪ್ಯಾರಿಷ್‌ಗಳು ಎಲ್ಲವನ್ನೂ ಗೆದ್ದಿಲ್ಲ. ಆದರೆ ಬಿಸಿಲಿನ ದಿನಗಳಲ್ಲೂ ಕಡಲಂಚಿನ ನೆಲದ ಲೆಕ್ಕವಿಡಲು ಅಲ್ಲಿ ಒಬ್ಬ ಅಧಿಕಾರಿ ಇದ್ದಾನೆ. ಜನವರಿಯ ಚಳಿಯಲ್ಲಿ ಮರ ಹೊತ್ತು ದೋಣಿಯೇರಲು ನೆರೆಹೊರೆಯವರು ಇದ್ದಾರೆ. ಈ ಎರಡೂ ನಮ್ಮೂರುಗಳಿಗೆ ಅಸಾಧ್ಯವೆಂದು ನಾವು ಭಾವಿಸುವುದಿಲ್ಲ.