ಅಘನಾಶಿನಿ: ಕಾಯ್ದೆ ಕಾಯುವುದೇನು, ಕಾಯದ್ದೇನು?

ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲೂಕಿನ ತದಡಿ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟೆಗಳಿಲ್ಲ. ಈ ಹೊಳೆಯನ್ನು ಉಳಿಸಲು ಸರ್ಕಾರ ಕೈಗೊಂಡ ಕ್ರಮಗಳ ಬಗ್ಗೆ ಮಾತ್ರ ಊರಿಗೊಂದು ವದಂತಿ.

ತಪ್ಪು ಕಲ್ಪನೆ: ಕಡಲು ಸೇರುವ ನೀರು ವ್ಯರ್ಥ.
ಹೀಗೆನ್ನುವವರು ನೀರು ಇಳಿದ ಹೊತ್ತಿನಲ್ಲಿ ಒಮ್ಮೆ ಅಳಿವೆಗೆ ಬರಬೇಕು. ಸೊಂಟ ಬಗ್ಗಿಸಿ ಕೆಸರಲ್ಲಿ ಕೈಯಾಡಿಸುತ್ತ ಹೆಂಗಸರು ಚಿಪ್ಪಿಕಲ್ಲು ಹೆಕ್ಕುತ್ತಿರುತ್ತಾರೆ. ಪಕ್ಕದಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಗ್ಗ ಉಪ್ಪು ತಡೆಯುವ ತಳಿ, ನಿಜ. ಆದರೆ ಆ ಉಪ್ಪನ್ನು ಹದಕ್ಕೆ ತರುವುದು ಘಟ್ಟದಿಂದ ಇಳಿದು ಬರುವ ಸಿಹಿನೀರು. ಮೇಲೆ ನೀರು ತಿರುಗಿಸಿದರೆ ಕೆಳಗೆ ಈ ಹದವೇ ಕೆಡುತ್ತದೆ. ಅಳಿವೆಯನ್ನು ನಂಬಿ 6,000ಕ್ಕೂ ಹೆಚ್ಚು ಕುಟುಂಬಗಳಿವೆ.

ತಪ್ಪು ಕಲ್ಪನೆ: ಅಭಯಾರಣ್ಯವಾಯಿತೆಂದರೆ ಊರು ಖಾಲಿ ಮಾಡಬೇಕು.
2011ರಲ್ಲಿ ರಾಜ್ಯ ಸರ್ಕಾರ ಈ ಕಣಿವೆಯ ಕಾಡನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಅಭಯಾರಣ್ಯಕ್ಕೆ ಸೇರಿಸಿತು. ಅಭಯಾರಣ್ಯ ಬೇರೆ, ರಾಷ್ಟ್ರೀಯ ಉದ್ಯಾನ ಬೇರೆ. ಅಭಯಾರಣ್ಯದೊಳಗೆ ಜನರ ಹಕ್ಕುಗಳನ್ನು ಮುಂದುವರಿಸಲು ವನ್ಯಜೀವಿ ಕಾಯ್ದೆಯಲ್ಲೇ ಅವಕಾಶವಿದೆ. ಆದರೂ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ನಂಬಿದ ಅಡಿಕೆ ಬೆಳೆಗಾರರ ಆತಂಕವನ್ನು ಬರೀ ವದಂತಿ ಎಂದು ತಳ್ಳಿಹಾಕುವಂತಿಲ್ಲ. ಹಕ್ಕುಗಳ ವಿಚಾರವನ್ನು ಮೊದಲೇ ಬಿಡಿಸಿ ಹೇಳುವುದು ಇಲಾಖೆಯ ಕೆಲಸ.

ತಪ್ಪು ಕಲ್ಪನೆ: ಇದೆಲ್ಲ ಮಂಗಗಳಿಗಾಗಿ, ಹೊಳೆಗೇನೂ ಸಂಬಂಧವಿಲ್ಲ.
ಸಂಬಂಧವಿದೆ. ಸಿಂಗಳೀಕದ ಕಾಡಿನಲ್ಲೇ ರಾಂಪತ್ರೆ ಜಡ್ಡಿಗಳು, ಅಂದರೆ ಸಿಹಿನೀರಿನ ಜೌಗು ಕಾಡುಗಳಿವೆ. ಬೇಸಿಗೆಯಲ್ಲೂ ನೀರು ಹಿಡಿದಿಟ್ಟುಕೊಂಡು ಹಳ್ಳಗಳಿಗೆ ಬಿಡುವುದು ಇವೇ. ಇನ್ನು, ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ವನ್ಯಜೀವಿಗಳ ಹಿತಕ್ಕೆಂಬ ಕಾರಣವಿಲ್ಲದೆ ಅಭಯಾರಣ್ಯದ ನೀರಿನ ಹರಿವನ್ನು ತಿರುಗಿಸುವಂತಿಲ್ಲ, ತಡೆಯುವಂತಿಲ್ಲ. ಸಂರಕ್ಷಣಾ ಮೀಸಲಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. 2019ರ ಬದಲಾವಣೆಯಲ್ಲಿ ನನಗೆ ಮುಖ್ಯವೆನಿಸುವುದು ಇದೇ.

ತಪ್ಪು ಕಲ್ಪನೆ: ರಾಮ್ಸರ್ ಪಟ್ಟ ಸಿಕ್ಕಿತಲ್ಲ, ಇನ್ನೇನು ಚಿಂತೆ?
2024ರ ಜನವರಿಯಲ್ಲಿ ಜೌಗುಭೂಮಿಗಳ ಈ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದು ಅಳಿವೆಯ 4,801 ಹೆಕ್ಟೇರ್ ಮಾತ್ರ, ಇಡೀ ಹೊಳೆಯಲ್ಲ. ನೀರನ್ನು ಬಯಲುಸೀಮೆಗೆ ಒಯ್ಯುವ ಪ್ರಸ್ತಾವ ಬರುವುದು ಮೇಲ್ಭಾಗದಲ್ಲಿ. ಪಟ್ಟಕ್ಕಿಂತ ಜನರ ಎಚ್ಚರ ದೊಡ್ಡದು: ತದಡಿಯ ಉಷ್ಣ ವಿದ್ಯುತ್ ಯೋಜನೆಗೆ ಜನ ಅಡ್ಡ ನಿಂತಾಗ ರಾಮ್ಸರ್ ಪಟ್ಟ ಇರಲೇ ಇಲ್ಲ. ಹೊಳೆ ದಂಡೆಯವರೇ, ಮುಂದಿನ ಗ್ರಾಮಸಭೆಯಲ್ಲಿ ಅಭಯಾರಣ್ಯದ ಅಧಿಸೂಚನೆಯನ್ನೂ ನಕ್ಷೆಯನ್ನೂ ಕೇಳಿ ಪಡೆಯಿರಿ. ನಿಮ್ಮ ಸರ್ವೆ ನಂಬರ್ ಗಡಿಯ ಒಳಗಿದೆಯೋ ಹೊರಗಿದೆಯೋ ನೀವೇ ನೋಡಿಕೊಳ್ಳಿ.