ಮೂತ್ರ ಕಟ್ಟಿಕೊಂಡರೆ ಕಾಯಬೇಡಿ

1601ರ ಅಕ್ಟೋಬರ್. ಪ್ರಾಗ್ ನಗರದ ಔತಣವೊಂದರಲ್ಲಿ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ ಮೂತ್ರ ತಡೆದುಕೊಂಡೇ ಕುಳಿತಿದ್ದರು. ನಡುವೆ ಎದ್ದರೆ ಮರ್ಯಾದೆಯಲ್ಲ ಎಂಬ ಸಂಕೋಚ. ಮನೆಗೆ ಬಂದ ಮೇಲೆ ಮೂತ್ರ ಹೋಗುವುದೇ ಕಷ್ಟವಾಯಿತು ಎಂದು ಅವರ ಸಹಾಯಕ ಕೆಪ್ಲರ್ ಬರೆದಿಟ್ಟಿದ್ದಾರೆ. 11 ದಿನಗಳಲ್ಲಿ ಬ್ರಾಹೆ ತೀರಿಕೊಂಡರು.

ಮೂತ್ರಕೋಶವೆಂದರೆ ಸ್ನಾಯುವಿನ ಚೀಲ. ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಸುತ್ತದೆ. ಖಾಲಿಯಾಗಲು ಚೀಲ ಹಿಂಡಬೇಕು, ಅದೇ ಹೊತ್ತಿಗೆ ಅದರ ಬಾಯಿ ಸಡಿಲಬೇಕು. ಐವತ್ತು ದಾಟಿದ ಅನೇಕ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರನಾಳವನ್ನು ಒತ್ತುತ್ತದೆ. ಧಾರೆ ತೆಳುವಾಗುತ್ತದೆ, ನಿಂತು ನಿಂತು ಬರುತ್ತದೆ. ರಾತ್ರಿ ಮೂರ್ನಾಲ್ಕು ಸಲ ಏಳಬೇಕಾಗುತ್ತದೆ.

ಹೆಂಗಸರಿಗೂ ಮೂತ್ರ ಕಟ್ಟಿಕೊಳ್ಳುವ ತೊಂದರೆ ಬರಬಹುದು. ಹಳೆಯ ಸಕ್ಕರೆ ಕಾಯಿಲೆ ಮೂತ್ರಕೋಶದ ನರಗಳನ್ನು ಕೆಡಿಸಬಹುದು. ಮಲಬದ್ಧತೆ, ಶೀತಕ್ಕೆಂದು ನುಂಗುವ ಕೆಲವು ಮಾತ್ರೆಗಳೂ ಕಾರಣವಾಗುತ್ತವೆ.

ಪತ್ತೆ ಸುಲಭ. ಮೂತ್ರ ಮಾಡಿ ಬಂದ ಕೂಡಲೇ ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿದರೆ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಹಲವರಿಗೆ ಮಾತ್ರೆಯೇ ಸಾಕು, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕು.

ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದು ಒಂದು ಹನಿಯೂ ಬರದಿದ್ದರೆ ಅದು ತುರ್ತು ಸ್ಥಿತಿ. ಬಾರ್ಲಿ ನೀರು, ಎಳನೀರು ಕುಡಿದು ಕಾಯಬೇಡಿ. ತುಂಬಿದ ಚೀಲ ಇನ್ನಷ್ಟು ಬಿಗಿಯುತ್ತದೆ. ನೇರವಾಗಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕ್ಯಾಥೆಟರ್ ಎಂಬ ತೆಳು ಕೊಳವೆ ಹಾಕಿ ಮೂತ್ರ ತೆಗೆಯುತ್ತಾರೆ, ನೋವು ಬೇಗನೆ ಇಳಿಯುತ್ತದೆ.