ಗೋಲು ಹೊಡೆಯದವನ ದಾರಿ

ನಮ್ಮ ಮಕ್ಕಳು ಮೈದಾನದಲ್ಲಿ ತಂಡ ಕಟ್ಟುವುದನ್ನು ನಾವೆಲ್ಲರೂ ನೋಡಿದ್ದೇವೆ. ಚುರುಕಾದ ಹುಡುಗರು ತಾವಾಗಿಯೇ ಮುಂದೆ ಹೋಗಿ ನಿಲ್ಲುತ್ತಾರೆ. ಗೋಲು ಹೊಡೆಯುವ ಆಸೆ ಯಾರಿಗಿಲ್ಲ? ಕೊನೆಗೆ ಉಳಿದ ಹುಡುಗನಿಗೆ, "ನೀನು ಬ್ಯಾಕ್ ನಿಲ್ಲು" ಎನ್ನುತ್ತಾರೆ. ಅವನು ಬೇಸರದಿಂದಲೇ ಹಿಂದೆ ಹೋಗುತ್ತಾನೆ.

ಹೀಗೆ ಹಿಂದೆ ನಿಂತವನೊಬ್ಬನ ತಾಯಿ ನಮಗೆ ಗೋವಾದಲ್ಲಿ ಸಿಕ್ಕಿದರು. 2024ರ ಡಿಸೆಂಬರ್‌ನಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆಂದು ನಾವು ಕೆಲವು ಕುಟುಂಬಗಳು ಬಸ್ಸು ಮಾಡಿಕೊಂಡು ಹೋಗಿದ್ದೆವು. ಹತ್ತು ವರ್ಷಕ್ಕೊಮ್ಮೆ ಬರುವ ಅವಕಾಶ ಅದು. ಸಂಜೆ ತಂಗಿದ ಊರಿನಲ್ಲಿ ದೇವಾಲಯದ ಮುಂದಿನ ಕೆಂಪು ಮಣ್ಣಿನ ಬಯಲಲ್ಲಿ ಆಟ ನಡೆದಿತ್ತು. ನಮ್ಮ ಕನ್ನಡ ಕೇಳಿ, ಗೋಡೆಯ ಮೇಲೆ ಕುಳಿತಿದ್ದ ಹೆಂಗಸೊಬ್ಬರು ಎದ್ದು ಬಂದರು. ಗದಗ ಕಡೆಯವರು, ವಾಸ್ಕೋ ಹತ್ತಿರ ಇಪ್ಪತ್ತು ವರ್ಷದಿಂದ ಸಂಸಾರ. ಒಂಬತ್ತನೇ ತರಗತಿಯ ಮಗ ಬಲಬದಿಯ ಬ್ಯಾಕ್ ಆಟಗಾರ. ದೂರದ ವಸತಿ ಅಕಾಡೆಮಿಯೊಂದರ ಆಯ್ಕೆಯಲ್ಲಿ ಅವನ ಹೆಸರು ಬಂದಿತ್ತು.

"ಖುಷಿ ಐತ್ರೀ ಅಕ್ಕಾರ. ಆದ್ರ ಸಾಲಿ ಬಿಟ್ಟು ಹೋಗಿ, ಕಾಲಿಗೆ ಏನಾರ ಆದ್ರ ಮುಂದ ಏನ್ ಮಾಡ್ತಾನ್ರೀ?" ಎಂದು ಕೇಳಿದರು.

ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಗೋವಾದಲ್ಲಿ ಈ ಆಟ ಬೇರೂರಿದ್ದು ದೇವಾಲಯ ಮತ್ತು ಶಾಲೆಗಳ ಅಂಗಳದಲ್ಲಿ. 1883ರಲ್ಲಿ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಗುರುಗಳು ಸಿಯೋಲಿಂ ಎಂಬ ಹಳ್ಳಿಗೆ ಚೆಂಡು ತಂದರೆಂದು ಅಲ್ಲಿಯ ಫುಟ್ಬಾಲ್ ಚರಿತ್ರೆ ಹೇಳುವವರೆಲ್ಲ ನೆನೆಯುತ್ತಾರೆ. ಗೋವಾ ಫುಟ್ಬಾಲ್ ಸಂಸ್ಥೆ ಹುಟ್ಟಿದ್ದು 1959ರಲ್ಲಿ, ಪೋರ್ಚುಗೀಸರ ಆಳ್ವಿಕೆ ಇನ್ನೂ ಇದ್ದಾಗಲೇ. ಮುಂದೆ ಗಣಿ, ಹಡಗಿನ ವ್ಯಾಪಾರದ ಮನೆತನಗಳು ಸಾಲ್ಗಾಂವ್‌ಕರ್, ಡೆಂಪೊ ಮುಂತಾದ ಕ್ಲಬ್‌ಗಳನ್ನು ಕಟ್ಟಿ, ಚೆನ್ನಾಗಿ ಆಡುವ ಹುಡುಗನಿಗೆ ಸಂಬಳ ಸಿಗುವಂತಾಯಿತು. ಊರಿನ ಬಯಲಿನಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಭಾರತ ತಂಡಕ್ಕೆ ಒಂದು ಕಾಲುದಾರಿ ಬಿದ್ದಿತು.

ಬ್ಯಾಕ್ ನಿಂತೇ ಆ ದಾರಿಯ ತುದಿಯವರೆಗೆ ನಡೆದವರಲ್ಲಿ ಮಹೇಶ್ ಗಾವ್ಲಿ ಒಬ್ಬರು. 1980ರಲ್ಲಿ ಹುಟ್ಟಿದ ಈ ಗೋವಾದ ಹುಡುಗ ಪಳಗಿದ್ದು ಮಾತ್ರ ಗೋವಾದಲ್ಲಲ್ಲ, ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಯಲ್ಲಿ. 1987ರಲ್ಲಿ ಶುರುವಾದ ಈ ವಸತಿ ಅಕಾಡೆಮಿಗೆ ದೇಶದ ನಾನಾ ಕಡೆಯ ಹುಡುಗರು ಆಯ್ಕೆಯಾಗಿ ಹೋಗುತ್ತಾರೆ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಕೂಡ ಅಲ್ಲಿಂದಲೇ ಬಂದವರು. ಜಮ್ಶೆಡ್‌ಪುರ ಆಗ ಬಿಹಾರದಲ್ಲಿತ್ತು. ಮೀನು ಸಾರು, ಕೊಂಕಣಿ ಮಾತು, ಮನೆಯವರು ಎಲ್ಲವನ್ನೂ ಬಿಟ್ಟು ಹದಿಹರೆಯದಲ್ಲಿ ದೇಶದ ಆ ತುದಿಗೆ ಹೋಗುವುದೆಂದರೆ ಎಷ್ಟು ದೊಡ್ಡ ಮಾತು ಎಂಬುದು, ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ತಾಯಂದಿರಿಗೆ ಗೊತ್ತು.

ರಕ್ಷಣಾ ಆಟಗಾರನ ಕೆಲಸ ನೋಡುವವರಿಗೆ ಸುಲಭವೆನಿಸುತ್ತದೆ. ಎದುರಾಳಿ ಚೆಂಡು ತಂದಾಗ ಹಾರಿ ಬಿದ್ದು ಕಸಿಯುವವನು ಒಳ್ಳೆಯ ಬ್ಯಾಕ್ ಅಲ್ಲ. ಒಮ್ಮೆ ತಪ್ಪಿದರೆ ಅವನ ಹಿಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರುವುದಿಲ್ಲ. ಆದ್ದರಿಂದ ಅವನು ಕಾಯಬೇಕು. ಚೆಂಡಿಗೂ ಗೋಲಿಗೂ ನಡುವೆ ತನ್ನ ಮೈಯನ್ನು ಇಟ್ಟುಕೊಂಡು ಹಿಂದೆ ಹಿಂದೆ ಸರಿಯುತ್ತಾ, ಎದುರಾಳಿಯನ್ನು ಮೈದಾನದ ಅಂಚಿನ ಗೆರೆಯ ಕಡೆಗೆ ತಳ್ಳಬೇಕು. ಜೊತೆಗೆ, ಪಕ್ಕದ ಮೂವರು ಬ್ಯಾಕ್‌ಗಳು ಎಲ್ಲಿದ್ದಾರೆಂದು ಕ್ಷಣಕ್ಷಣಕ್ಕೂ ನೋಡುತ್ತಿರಬೇಕು. ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದರೂ ಆಫ್‌ಸೈಡ್ ಬಲೆ ಹರಿದು ಹೋಗುತ್ತದೆ. ಇದನ್ನು ಕಲಿಯಲು ವರ್ಷಗಳು ಬೇಕು, ಕಲಿತ ಮೇಲೆ ಚಪ್ಪಾಳೆಯೂ ಕಡಿಮೆ. 2003ರ ಜುಲೈನಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಜಕಾರ್ತಕ್ಕೆ ಹೋಗಿ ಆಸಿಯಾನ್ ಕ್ಲಬ್ ಕಪ್ ಗೆದ್ದುಕೊಂಡು ಬಂತು. ಫೈನಲ್‌ನಲ್ಲಿ ಥಾಯ್ಲೆಂಡಿನ ತಂಡದ ಮೇಲೆ 3–1. ಗೋಲು ಹೊಡೆದ ಮೈಕ್ ಒಕೊರೊ, ಭೈಚುಂಗ್ ಭುಟಿಯಾ, ಗೋವಾದವರೇ ಆದ ಆಲ್ವಿಟೊ ಡಿಕುನ್ಹ ಹೆಸರು ಅಭಿಮಾನಿಗಳ ಬಾಯಲ್ಲಿದೆ. ಆ ತಂಡದ ಹಿಂದಿನ ಸಾಲಿನಲ್ಲಿದ್ದ ಗಾವ್ಲಿಯ ಹೆಸರನ್ನು ಎಷ್ಟು ಜನ ಹೇಳುತ್ತಾರೋ!

ಮುಂದೆ ಅವರು ಗೋವಾಕ್ಕೆ ಮರಳಿ ಡೆಂಪೊ ಸೇರಿದರು. ಆರ್ಮಾಂಡೊ ಕೊಲಾಸೊ ತರಬೇತಿಯಲ್ಲಿ ಆ ಕ್ಲಬ್ 2007–08, 2009–10, 2011–12ರಲ್ಲಿ ಐ-ಲೀಗ್ ಗೆದ್ದಿತು. ಗಾವ್ಲಿ ಮತ್ತು ಸಮೀರ್ ನಾಯ್ಕ್ ಆ ಕಾಲದ ಡೆಂಪೊ ಗೋಡೆಗಳು.

ಅಮೆರಿಕದ ಫುಟ್ಬಾಲ್ ಬೇರೆಯೇ ಆಟ, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಅಲ್ಲಿಯೂ 'ಕಾರ್ನರ್‌ಬ್ಯಾಕ್' ಎಂಬುವನೊಬ್ಬನಿದ್ದಾನೆ. ಅಂಚಿನಲ್ಲಿ ನಿಂತು, ಚೆಂಡು ಹಿಡಿಯಲು ಓಡುವ ಎದುರಾಳಿಯ ಜೊತೆಗೇ ಹಿಮ್ಮುಖವಾಗಿ ಓಡುವುದು ಅವನ ಪಾಡು. ನಮ್ಮ ಬದಿಯ ಬ್ಯಾಕ್‌ನ ದೂರದ ಸೋದರನೆನ್ನಬಹುದು. ಆದರೆ ಅವನ ದಾರಿ ಶಾಲೆಯ ಒಳಗಿನಿಂದಲೇ ಹಾದುಹೋಗುತ್ತದೆ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡಿದವನನ್ನು ಕಾಲೇಜುಗಳು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುತ್ತವೆ. ಹೈಸ್ಕೂಲು ಮುಗಿದು ಮೂರು ವರ್ಷವಾಗದೆ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಆಮೇಲೆ 32 ತಂಡಗಳು ಏಳು ಸುತ್ತಿನಲ್ಲಿ ಹುಡುಗರನ್ನು ಆರಿಸುತ್ತವೆ. ಬಹುಪಾಲು ಮಂದಿ ಆಯ್ಕೆಯಾಗುವುದಿಲ್ಲ, ಅಷ್ಟರಲ್ಲಿ ಕಾಲೇಜಿನ ಓದಾದರೂ ಒಂದಿಷ್ಟು ಕೈಯಲ್ಲಿರುತ್ತದೆ. ಅಲ್ಲಿಯೂ ಓದನ್ನು ನೆಪಕ್ಕೆ ಇಟ್ಟುಕೊಂಡವರಿಲ್ಲದಿಲ್ಲ, ಆ ಮಾತು ಬೇರೆ.

ನಮ್ಮಲ್ಲಿ ಆ ಸೇತುವೆ ಬಲು ಕಿರಿದು. ಗೋವಾ ಬೋರ್ಡ್ ಪರೀಕ್ಷೆಯಲ್ಲಿ ಆಟಗಾರರಿಗೆ ಕ್ರೀಡಾ ಅಂಕ ಕೊಡುವ ಪದ್ಧತಿ ಇದೆ, ಅದು ಮೆಚ್ಚತಕ್ಕದ್ದು. ಆದರೆ ಕ್ಲಬ್ಬುಗಳು ಹುಡುಗರನ್ನು ಆರಿಸುವುದು ಕಾಲೇಜಿನಿಂದಲ್ಲ. ಅಕಾಡೆಮಿ, ವಯೋಮಿತಿಯ ಲೀಗು, ಗೋವಾ ಪ್ರೊಫೆಷನಲ್ ಲೀಗ್, ಅದರ ಮೇಲೆ ರಾಷ್ಟ್ರ ಮಟ್ಟದ ಲೀಗುಗಳು. ಈ ಏಣಿಯ ಮೊದಲ ಮೆಟ್ಟಿಲು ಹದಿಮೂರು, ಹದಿನಾಲ್ಕರಲ್ಲೇ ಬರುತ್ತದೆ. ಅಂದರೆ ಹತ್ತನೇ ತರಗತಿಯ ಹೊಸ್ತಿಲಲ್ಲಿ.

ಮೇಲಿನ ಮೆಟ್ಟಿಲುಗಳೂ ಗಟ್ಟಿಯೆಂದು ಹೇಳುವಂತಿಲ್ಲ. 2016ರಲ್ಲಿ ಡೆಂಪೊ, ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಗೋವಾ ಮೂರೂ ಐ-ಲೀಗ್‌ನಿಂದ ಹಿಂದೆ ಸರಿದವು. ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಡೆಂಪೊ ಮತ್ತೆ ಆ ಲೀಗ್‌ಗೆ ಬಂದಿದ್ದು 2024ರಲ್ಲಿ. 2014ರಲ್ಲಿ ಹುಟ್ಟಿದ ಎಫ್‌ಸಿ ಗೋವಾ ಗೋವಾದ ಹುಡುಗರಿಗೆ ಒಂದು ಬಾಗಿಲು ತೆರೆದಿತ್ತು. ಆದರೆ 2025ರ ಜುಲೈನಲ್ಲಿ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ಋತುವನ್ನೇ ತಡೆಹಿಡಿದಾಗ, ದೇಶದ ಆಟಗಾರರೆಲ್ಲ ಮುಂದಿನ ಸಂಬಳ ಎಲ್ಲಿಂದ ಎಂದು ಕಾಯುವಂತಾಯಿತು. ಗದಗದ ತಾಯಿಯ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೂ ಒಂದು ಸಂಜೆ ನೆನಪಾಗುತ್ತದೆ. 2023ರ ಜುಲೈ 4, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಸ್ಯಾಫ್ ಫೈನಲ್. ಭಾರತದ ಕೋಚ್ ಇಗೊರ್ ಸ್ಟಿಮಾಚ್ ಕೆಂಪು ಕಾರ್ಡು ಪಡೆದು ನಿಷೇಧದಲ್ಲಿದ್ದರು. ಲೆಬನಾನ್ ವಿರುದ್ಧದ ಸೆಮಿಫೈನಲ್‌ನಂತೆ ಅಂದೂ ಗೆರೆಯ ಬದಿಯಲ್ಲಿ ನಿಂತು ತಂಡ ನಡೆಸಿದವರು ಸಹಾಯಕ ಕೋಚ್ ಆಗಿದ್ದ ಮಹೇಶ್ ಗಾವ್ಲಿ. ಕುವೈತ್ ಮೊದಲು ಗೋಲು ಹೊಡೆಯಿತು, ಚಾಂಗ್ಟೆ ಸಮ ಮಾಡಿದರು, ಆಟ ಪೆನಾಲ್ಟಿಗೆ ಹೋಯಿತು. ನಿರ್ಣಾಯಕ ಒದೆ ಒದ್ದವರು ಇನ್ನೊಬ್ಬ ಮಹೇಶ್, ಮಣಿಪುರದ ನವೋರೆಂ ಮಹೇಶ್ ಸಿಂಗ್. ಕುವೈತಿನ ಕೊನೆಯ ಹೊಡೆತವನ್ನು ಗುರ್‌ಪ್ರೀತ್ ತಡೆದರು, 5–4. ಮರುದಿನದ ಪತ್ರಿಕೆಯ ಚಿತ್ರಗಳಲ್ಲಿ ಗುರ್‌ಪ್ರೀತ್ ಇದ್ದರು, ಕಪ್ ಹಿಡಿದ ಸುನಿಲ್ ಛೆಟ್ರಿ ಇದ್ದರು.

ಗದಗದ ಆ ತಾಯಿ 2025ರ ಮಳೆಗಾಲದಲ್ಲಿ ಫೋನು ಮಾಡಿದ್ದರು. ಮನೆಯಲ್ಲಿ ಮೂರು ತಿಂಗಳು ಮಾತುಕತೆ ನಡೆದು, ವಸತಿ ಅಕಾಡೆಮಿಗೆ ಕಳಿಸದೆ, ಸಂಜೆ ಹೊತ್ತು ಹತ್ತಿರದಲ್ಲೇ ತರಬೇತಿ, ಹಗಲು ಶಾಲೆ ಎಂದು ತೀರ್ಮಾನವಾಯಿತಂತೆ. ಹುಡುಗ ಎರಡು ದಿನ ಊಟ ಬಿಟ್ಟನಂತೆ. ಆ ತೀರ್ಮಾನ ಸರಿಯೋ ತಪ್ಪೋ ಎಂದು ಅವರು ಮತ್ತೆ ಕೇಳಿದರು, ನಾವು ಮತ್ತೆ ಸುಮ್ಮನಿದ್ದೆವು.

"ಹತ್ತನೇತ್ತಿ ಮುಗೀಲಿ, ಆಮ್ಯಾಲ ನೋಡೋಣು ಅಂದೀವ್ರೀ. ಈಗೂ ಬ್ಯಾಕಿಗೇ ನಿಲ್ಲಿಸ್ತಾರ. ಹೋದ ಐತವಾರ ಇವನ ಕಡಿಂದ ಒಂದೂ ಗೋಲ್ ಹೋಗಿಲ್ಲಂತ, ತಾನ ಬಂದು ಹೇಳಿದ."